ಹವಾಮಾನ ತುರ್ತುಸ್ಥಿತಿ: ಒಂದು ಸಂಶಯದೊಳಗೆ ನಾಲ್ಕು ಪ್ರಶ್ನೆ

ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಹೊಲಗಳಲ್ಲಿ ಗಾಳಿಯಂತ್ರಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಹೊಲ ಲೀಸಿಗೆ ಕೊಡುತ್ತೀರಾ ಎಂದು ಕೇಳಿಕೊಂಡು ಬರುವವರೂ ಹೆಚ್ಚಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ಆರ್‌ಟಿಪಿಎಸ್‌ನ ಹಳೆಯ ವಿದ್ಯುತ್ ಘಟಕಗಳು ಇನ್ನೆಷ್ಟು ವರ್ಷ ನಡೆದಾವು ಎಂಬ ಚಿಂತೆ ಅಲ್ಲಿನ ಗುತ್ತಿಗೆ ಕಾರ್ಮಿಕರಿಗಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆಗಳಿಂದ ಯುರೋಪಿಗೆ ಹೋಗುವ ಉಕ್ಕಿನ ಮೇಲೆ 2026ರ ಜನವರಿಯಿಂದ ಇಂಗಾಲದ ಸುಂಕ ಶುರುವಾಗಿದೆ.

ಇದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಎರಡು ಬಗೆಯ ವಿಡಿಯೊ ಓಡಾಡುತ್ತಿವೆ. ಒಂದರ ಪ್ರಕಾರ ಭೂಮಿಗೆ ಇನ್ನು ಕೆಲವೇ ವರ್ಷ ಆಯುಸ್ಸು. ಇನ್ನೊಂದರ ಪ್ರಕಾರ ಇದೆಲ್ಲ ಸೋಲಾರ್ ಕಂಪನಿಗಳು ಕಟ್ಟಿದ ಸುಳ್ಳು. ಎರಡನೆಯದಕ್ಕೆ ಈಗ ಸರ್ಕಾರವೊಂದರ ಬಲವೂ ಸಿಕ್ಕಿದೆ. 2025ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ದಿನವೇ ಡೊನಾಲ್ಡ್ ಟ್ರಂಪ್ ಪ್ಯಾರಿಸ್ ಒಪ್ಪಂದದಿಂದ ಅಮೆರಿಕವನ್ನು ಹೊರತರುವ ಆದೇಶಕ್ಕೆ ಸಹಿ ಹಾಕಿದರು. ಅದೇ ವರ್ಷ ಜುಲೈನಲ್ಲಿ ಅಲ್ಲಿನ ಇಂಧನ ಇಲಾಖೆ ಐವರು ತಜ್ಞರಿಂದ ಬರೆಸಿದ ವರದಿ, ಹವಾಮಾನ ಬದಲಾವಣೆಯ ಆರ್ಥಿಕ ಹಾನಿ ಜನ ನಂಬಿರುವಷ್ಟು ದೊಡ್ಡದಲ್ಲ ಎಂದು ವಾದಿಸಿತು. ಸೆಪ್ಟೆಂಬರ್‌ನಲ್ಲಿ 85ಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ 400ಕ್ಕೂ ಹೆಚ್ಚು ಪುಟಗಳ ಉತ್ತರ ಬರೆದರು. ನಮ್ಮ ಜಿಲ್ಲೆಗಳ ಓದುಗರು ಇವರಲ್ಲಿ ಯಾರನ್ನು ನಂಬಬೇಕು?

ನಾಲ್ಕನ್ನು ಬಿಡಿಸಿ ನೋಡಿದರೆ

‘ನನಗೆ ಇದರಲ್ಲಿ ನಂಬಿಕೆ ಇಲ್ಲ’ ಎಂದು ಒಬ್ಬರು ಹೇಳಿದಾಗ ಅದರೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ಭೂಮಿ ನಿಜಕ್ಕೂ ಬಿಸಿಯಾಗುತ್ತಿದೆಯೇ? ಆಗುತ್ತಿದ್ದರೆ ಅದಕ್ಕೆ ಮನುಷ್ಯ ಕಾರಣನೇ? ಅದು ‘ತುರ್ತುಸ್ಥಿತಿ’ ಎನ್ನುವಷ್ಟು ಗಂಭೀರವೇ? ಹಾಗಿದ್ದರೆ ಸರ್ಕಾರಗಳು ಹಿಡಿದಿರುವ ದಾರಿ ಸರಿಯೇ?

ಮೊದಲ ಎರಡಕ್ಕೆ ಅಳತೆ ಮತ್ತು ಪ್ರಯೋಗ ಉತ್ತರ ಕೊಡುತ್ತವೆ. ಮೂರನೆಯದರಲ್ಲಿ ಅಳತೆಯ ಜೊತೆಗೆ ನಮ್ಮ ತೀರ್ಮಾನವೂ ಸೇರಿದೆ. ನಾಲ್ಕನೆಯದು ದುಡ್ಡು, ಭೂಮಿ, ಕೆಲಸ, ನ್ಯಾಯದ ಪ್ರಶ್ನೆ. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ. ಸಬ್ಸಿಡಿಯಲ್ಲಿ ಮೋಸ ನಡೆದಿದೆ ಎಂದ ಮಾತ್ರಕ್ಕೆ ಥರ್ಮಾಮೀಟರ್ ಸುಳ್ಳಾಗುವುದಿಲ್ಲ. ಥರ್ಮಾಮೀಟರ್ ನಿಜ ಹೇಳಿದೆ ಎಂದ ಮಾತ್ರಕ್ಕೆ ಪ್ರತಿಯೊಂದು ಹಸಿರು ಯೋಜನೆಯೂ ಒಳ್ಳೆಯದಾಗುವುದಿಲ್ಲ.

ಬಿಸಿಯನ್ನು ಅಳೆದವರು ಯಾರು?

ಸಂಶಯಪಟ್ಟವರು ಇಲ್ಲಿ ನಿಜವಾದ ಕೆಲಸ ಮಾಡಿದ್ದಾರೆ. ಅವರ ಹಳೆಯ ತಕರಾರು ಇದು: ಹವಾಮಾನ ಕೇಂದ್ರಗಳ ಸುತ್ತ ಊರು ಬೆಳೆದಿದೆ, ಡಾಂಬರು, ಕಾಂಕ್ರೀಟು ಬಂದಿದೆ, ಹಾಗಾಗಿ ಬಿಸಿ ಏರಿದಂತೆ ಕಾಣುತ್ತದೆ, ಅಷ್ಟೆ. ಪ್ರಶ್ನೆ ನ್ಯಾಯವಾದದ್ದೇ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗೂ ಇದೇ ಅನುಮಾನವಿತ್ತು. ಹಳ್ಳಿಗಾಡಿನ ಕೇಂದ್ರಗಳನ್ನು ಬೇರೆಯಾಗಿ ತೆಗೆದು ಅವರ ತಂಡ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಿತು. ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಅದಕ್ಕೆ ಹಣ ಕೊಟ್ಟಿತ್ತು. 2011ರಲ್ಲಿ ಬಂದ ಫಲಿತಾಂಶ ಹಿಂದಿನವರ ಲೆಕ್ಕಕ್ಕೇ ಹೊಂದಿತು. ಮರುವರ್ಷ ಮುಲ್ಲರ್ ತಮ್ಮ ಅಭಿಪ್ರಾಯ ಬದಲಾಗಿದೆ ಎಂದು ಬಹಿರಂಗವಾಗಿ ಬರೆದರು.

ಉಪಗ್ರಹದ ಕಥೆಯೂ ಇಂಥದ್ದೇ. ಅಮೆರಿಕದ ಅಲಬಾಮಾದಲ್ಲಿ ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್ 1979ರಿಂದೀಚಿನ ಉಪಗ್ರಹ ಮಾಹಿತಿಯಿಂದ ವಾತಾವರಣದ ತಾಪ ಲೆಕ್ಕ ಹಾಕುತ್ತಾರೆ. ಮೇಲೆ ಹೇಳಿದ ಐವರು ತಜ್ಞರಲ್ಲಿ ಇವರಿಬ್ಬರೂ ಇದ್ದಾರೆ. ಆರಂಭದಲ್ಲಿ ಅವರ ಲೆಕ್ಕದಲ್ಲಿ ಏರಿಕೆ ತೀರಾ ಕಡಿಮೆ ಕಾಣುತ್ತಿತ್ತು. ಉಪಗ್ರಹದ ಕಕ್ಷೆ ನಿಧಾನಕ್ಕೆ ಸರಿಯುವುದರಿಂದ ಆದ ತಪ್ಪನ್ನು 2005ರಲ್ಲಿ ಬೇರೆ ತಂಡ ತೋರಿಸಿಕೊಟ್ಟಿತು. ತಿದ್ದಿದ ಮೇಲೆ ಅವರದೇ ಲೆಕ್ಕ ಈಗ ದಶಕಕ್ಕೆ ಸುಮಾರು 0.15 ಡಿಗ್ರಿ ಏರಿಕೆ ತೋರಿಸುತ್ತದೆ. ಅಂದರೆ ಅತಿ ಪ್ರಸಿದ್ಧ ಸಂಶಯವಾದಿಗಳ ಪುಸ್ತಕದಲ್ಲೂ ಭೂಮಿ ಬಿಸಿಯಾಗುತ್ತಿದೆ.

ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ, ಅಂದರೆ ಐಪಿಸಿಸಿಯ ಪ್ರಕಾರ 1850–1900ರ ಸರಾಸರಿಗಿಂತ 2011–2020ರ ದಶಕ 1.1 ಡಿಗ್ರಿ ಬಿಸಿ. ಭಾರತದಲ್ಲಿ 1901ರಿಂದ 2018ರವರೆಗೆ ಏರಿದ್ದು ಸುಮಾರು 0.7 ಡಿಗ್ರಿ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ನಮ್ಮಲ್ಲಿ ಏರಿಕೆ ಕಡಿಮೆ ಏಕೆ? ಗಾಳಿಯಲ್ಲಿರುವ ದೂಳು, ಹೊಗೆಯ ಸೂಕ್ಷ್ಮ ಕಣಗಳು ಬಿಸಿಲನ್ನು ಭಾಗಶಃ ತಡೆಯುತ್ತವೆ. ಭೂಬಳಕೆಯಲ್ಲಿ ಆದ ಬದಲಾವಣೆಯದೂ ಪಾಲಿದೆ.

ಕಾರಣ ನಾವೇ ಎಂದು ಹೇಗೆ ಗೊತ್ತು?

‘ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಶೇ 0.04. ಅಷ್ಟರಿಂದ ಏನಾದೀತು?’ ಎಂಬ ವಾದ ಆಗಾಗ ಬರುತ್ತದೆ. ಗಾಳಿಯ ಶೇ 99 ಭಾಗ ಸಾರಜನಕ ಮತ್ತು ಆಮ್ಲಜನಕ. ಭೂಮಿಯಿಂದ ಮೇಲೇಳುವ ಶಾಖವನ್ನು ಇವೆರಡೂ ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತವೆ. ತಡೆಯುವ ಕೆಲಸ ಮಾಡುವುದು ನೀರಾವಿ, ಇಂಗಾಲದ ಡೈಆಕ್ಸೈಡ್, ಮಿಥೇನ್‌ನಂಥ ಕೆಲವು ಅನಿಲಗಳು ಮಾತ್ರ. ಆದ್ದರಿಂದ ಒಟ್ಟು ಗಾಳಿಯಲ್ಲಿ ಅದರ ಪಾಲು ಎಷ್ಟು ಎಂಬುದಕ್ಕಿಂತ, ತಡೆಯುವ ಅನಿಲ ಎಷ್ಟು ಹೆಚ್ಚಿತು ಎಂಬುದೇ ಮುಖ್ಯ. ಇದು ಇತ್ತೀಚೆಗೆ ಯಾರೋ ಕಟ್ಟಿದ ಕಥೆಯಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಜಾನ್ ಟಿಂಡಾಲ್ 1859ರಲ್ಲೇ ಇದನ್ನು ಪ್ರಯೋಗದಲ್ಲಿ ಅಳೆದಿದ್ದರು.

ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ 420 ದಾಟಿದೆ. ಹೆಚ್ಚಾದದ್ದು ನಮ್ಮ ಚಿಮಣಿಗಳದೇ ಎನ್ನಲು ಗುರುತಿದೆ: ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ತೈಲದಲ್ಲಿ ವಿಕಿರಣಶೀಲ ಕಾರ್ಬನ್-14 ಉಳಿದಿರುವುದಿಲ್ಲ. ಅವನ್ನು ಸುಡುತ್ತಾ ಹೋದಂತೆ ಗಾಳಿಯ ಇಂಗಾಲದಲ್ಲಿ ಆ ಬಗೆಯ ಪಾಲು ತೆಳುವಾಗುತ್ತದೆ. ಅಳತೆಯಲ್ಲಿ ಅದು ಕಂಡಿದೆ. ಸೂರ್ಯನೇ ಕಾರಣ ಎನ್ನೋಣವೆಂದರೆ, ಆಗ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ. ಮೊದಲ ಎರಡು ಪ್ರಶ್ನೆಗಳ ಮಟ್ಟಿಗೆ, ನನ್ನ ದೃಷ್ಟಿಯಲ್ಲಿ, ವಿವಾದ ಮುಗಿದಿದೆ.

‘ತುರ್ತುಸ್ಥಿತಿ’ ಎಂದು ಘೋಷಿಸಿದವರು

2019ರ ಮೇ ತಿಂಗಳಲ್ಲಿ ಬ್ರಿಟನ್ ಸಂಸತ್ತು, ನವೆಂಬರ್‌ನಲ್ಲಿ ಯುರೋಪಿನ ಸಂಸತ್ತು ‘ಹವಾಮಾನ ತುರ್ತುಸ್ಥಿತಿ’ ಘೋಷಿಸಿದವು. ಅದೇ ವರ್ಷ ನೆದರ್ಲೆಂಡ್ಸ್‌ನ ಕ್ಲಿಂಟೆಲ್ ಎಂಬ ಸಂಸ್ಥೆ ‘ತುರ್ತುಸ್ಥಿತಿ ಇಲ್ಲ’ ಎಂಬ ಪ್ರತಿಘೋಷಣೆ ಹೊರಡಿಸಿತು. ಎಷ್ಟು ಡಿಗ್ರಿ ಏರಿದರೆ ತುರ್ತು ಎಂದು ಹೇಳುವ ಗೆರೆ ವಿಜ್ಞಾನದಲ್ಲಿ ಎಲ್ಲೂ ಎಳೆದಿಲ್ಲ. ಅದು ರಾಜಕೀಯ ತೀರ್ಮಾನ. ಆದ್ದರಿಂದ ಈ ಪದದ ಬಗ್ಗೆ ತಕರಾರು ತೆಗೆದವರೆಲ್ಲ ವಿಜ್ಞಾನದ ವಿರೋಧಿಗಳಲ್ಲ.

ಅತಿಯಾಗಿ ಹೇಳಿದ ಉದಾಹರಣೆಗಳೂ ಇವೆ. 2035ರೊಳಗೆ ಹಿಮಾಲಯದ ಹಿಮನದಿಗಳು ಕರಗಿ ಹೋಗಬಹುದೆಂದು ಐಪಿಸಿಸಿಯ 2007ರ ವರದಿಯಲ್ಲಿ ಅಚ್ಚಾಗಿತ್ತು. ಭಾರತದ ಭೂವಿಜ್ಞಾನಿ ವಿ.ಕೆ. ರೈನಾ 2009ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅದನ್ನು ಬಿಡುಗಡೆ ಮಾಡಿದರು. 2010ರಲ್ಲಿ ಐಪಿಸಿಸಿ ತನ್ನ ತಪ್ಪು ಒಪ್ಪಿಕೊಂಡಿತು. ‘ಇನ್ನು ಹನ್ನೆರಡೇ ವರ್ಷ’ ಎಂಬ ಮಾತು ಹುಟ್ಟಿದ್ದು 2018ರ ವರದಿಯಿಂದ. ಅದರಲ್ಲಿದ್ದದ್ದು, ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ 2030ರೊಳಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು 2010ಕ್ಕೆ ಹೋಲಿಸಿ ಸುಮಾರು ಶೇ 45 ಇಳಿಸಬೇಕು ಎಂದು. 2030ಕ್ಕೆ ಪ್ರಪಂಚ ಮುಗಿಯುತ್ತದೆ ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಆಗುವ ನಷ್ಟ ನಮ್ಮವರಿಗೆ ಚೆನ್ನಾಗಿ ಗೊತ್ತು. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗ ಸುಮಾರು 105. ಹೋದದ್ದು ಹೂಳಿನಿಂದ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದು ಸರಪಳಿ ತುಂಡಾಗಿ. ಇವೆರಡಕ್ಕೂ ಕೇಳಬೇಕಾದ ಲೆಕ್ಕ ನಿರ್ವಹಣೆಯದು. ಹವಾಮಾನದ ಹೆಸರು ಹೇಳಿ ಈ ಲೆಕ್ಕದಿಂದ ಯಾರೂ ನುಣುಚಿಕೊಳ್ಳಬಾರದು. ಬರವೂ ಹೊಸದಲ್ಲ. 1876–78ರ ಧಾತು ಬರದಲ್ಲಿ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. ಆಗ ಕಾರ್ಖಾನೆಯ ಹೊಗೆ ಎಲ್ಲಿತ್ತು ಎಂದು ಕೇಳುವವರ ಮಾತು ಸುಳ್ಳಲ್ಲ. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ಮತ್ತು ಬ್ರಿಟಿಷ್ ಆಡಳಿತದ ನೀತಿ ಸೇರಿ ಆ ಬರ ಭೀಕರವಾಯಿತು.

ಆದರೆ ಬರ ಹಿಂದೆಯೂ ಇತ್ತು ಎಂಬುದರಿಂದ, ಈಗಿನ ಬಿಸಿ ಅದನ್ನು ಹೆಚ್ಚಿಸುತ್ತಿಲ್ಲ ಎಂದು ಸಾಬೀತಾಗುವುದಿಲ್ಲ. ಐಪಿಸಿಸಿ ಎಲ್ಲವನ್ನೂ ಒಂದೇ ಖಚಿತತೆಯಿಂದ ಹೇಳುವುದೂ ಇಲ್ಲ. ಬಿಸಿಗಾಳಿ, ಒಮ್ಮೆಲೇ ಸುರಿಯುವ ಭಾರಿ ಮಳೆ ಹೆಚ್ಚಿವೆ ಎಂಬ ಬಗ್ಗೆ ಅದಕ್ಕೆ ಬಲವಾದ ಖಚಿತತೆ ಇದೆ. ಜಗತ್ತಿನಲ್ಲಿ ಚಂಡಮಾರುತಗಳ ಒಟ್ಟು ಸಂಖ್ಯೆ ಹೆಚ್ಚಿದೆ ಎನ್ನಲು ಆ ಖಚಿತತೆ ಇಲ್ಲ. ಮುನ್ಸೂಚನೆ ಸುಧಾರಿಸಿದ್ದರಿಂದ ಪ್ರಕೃತಿ ವಿಕೋಪಗಳಲ್ಲಿ ಸಾಯುವವರ ಸಂಖ್ಯೆ ದಶಕದಿಂದ ದಶಕಕ್ಕೆ ಇಳಿದಿದೆ ಎಂದು ವಿಶ್ವ ಹವಾಮಾನ ಸಂಸ್ಥೆಯೇ ಹೇಳುತ್ತದೆ.

ಬಿಸಿಯ ಪೆಟ್ಟು ಎಲ್ಲರಿಗೂ ಒಂದೇ ಅಲ್ಲ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ರಸ್ತೆ ಕೆಲಸದಲ್ಲಿ ಕೂಲಿ ಮಾಡುವವರಿಗೆ ಅಂಥ ಆದೇಶದ ರಕ್ಷಣೆ ಇಲ್ಲ. ತುರ್ತು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗಬೇಕು ಎಂಬುದು ನನ್ನ ಅನಿಸಿಕೆ.

ಇಂಗಾಲ ಬೆಳೆಗೆ ಒಳ್ಳೆಯದಲ್ಲವೇ?

ಸ್ವಲ್ಪ ಮಟ್ಟಿಗೆ ಹೌದು. ಭತ್ತ, ಹತ್ತಿ, ತೊಗರಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಸಿಕ್ಕರೆ ಚೆನ್ನಾಗಿ ಬೆಳೆಯುತ್ತವೆ. ಜೋಳ, ಮೆಕ್ಕೆಜೋಳ ಬಿಸಿಲಲ್ಲಿ ಇಂಗಾಲ ಹೀರಿ ಆಹಾರ ತಯಾರಿಸುವ (ದ್ಯುತಿಸಂಶ್ಲೇಷಣೆಯ) ರೀತಿಯೇ ಬೇರೆ. ಅವಕ್ಕೆ ಈ ಲಾಭ ಕಡಿಮೆ. ಲಾಭವಿರುವ ಭತ್ತಕ್ಕೂ ಒಂದು ಮಿತಿ ಇದೆ. ಹೂ ಬಿಡುವ ಹೊತ್ತಿಗೆ ತಾಪ 35 ಡಿಗ್ರಿ ಮೀರಿದರೆ ಪರಾಗಸ್ಪರ್ಶ ಕೆಟ್ಟು ಕಾಳು ಜೊಳ್ಳಾಗುತ್ತದೆ. ಗಂಗಾವತಿ, ಸಿಂಧನೂರು ಭಾಗದಲ್ಲಿ ಬೇಸಿಗೆ ಬೆಳೆಯ ನಾಟಿ ತಡವಾದರೆ ಇದೇ ಅಪಾಯ.

ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ

ಹಸಿರು ವಿದ್ಯುತ್ತಿನ ಪರವಾದ ಸುದ್ದಿಯಲ್ಲೂ ವಿರೋಧದ ಸುದ್ದಿಯಲ್ಲೂ ಹೆಚ್ಚು ದಾರಿ ತಪ್ಪಿಸುವುದು ಈ ಎರಡು ಅಳತೆಗಳು. ಮೆಗಾವ್ಯಾಟ್ ಎಂದರೆ ಯಂತ್ರದ ಸಾಮರ್ಥ್ಯ. ಯೂನಿಟ್ ಎಂದರೆ ನಿಜವಾಗಿ ಬಂದ ವಿದ್ಯುತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಅಗಲ ಒಂದು ಲೆಕ್ಕ, ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ಗದ್ದೆಗೆ ಮುಟ್ಟಿದ ನೀರು ಇನ್ನೊಂದು ಲೆಕ್ಕ. ರೈತರು ಹೋರಾಡುವುದು ಎರಡನೆಯದಕ್ಕೆ.

ಭಾರತದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳದು ಎಂದು 2025ರ ಮಧ್ಯದಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ನಿಜ. ಆದರೆ ನಾವು ಬಳಸುವ ಯೂನಿಟ್‌ಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತವೆ. ಅದೂ ನಿಜ. ಸೌರ ಫಲಕ ರಾತ್ರಿ ದುಡಿಯುವುದಿಲ್ಲ. ಕರ್ನಾಟಕದಲ್ಲಿ ಗಾಳಿ ಬಲವಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್. ವರ್ಷದ ಸರಾಸರಿ ತೆಗೆದರೆ ಸೌರ ಘಟಕ ತನ್ನ ಸಾಮರ್ಥ್ಯದ ನಾಲ್ಕನೇ ಒಂದರಷ್ಟು, ಅಥವಾ ಅದಕ್ಕಿಂತ ಕಡಿಮೆ ಉತ್ಪಾದಿಸುತ್ತದೆ.

ಉಳಿದ ಹೊತ್ತನ್ನು ತುಂಬುವ ಭಾರ ಬೀಳುವುದು ನಮ್ಮ ಜಿಲ್ಲೆಗಳ ಮೇಲೆ. ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಕೆಪಿಸಿಎಲ್‌ನ ಮೂರೂ ಕಲ್ಲಿದ್ದಲು ಸ್ಥಾವರಗಳು ಇಲ್ಲೇ ಇವೆ: ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಕುಡಿತಿನಿಯ ಬಿಟಿಪಿಎಸ್‌ನಲ್ಲಿ 1,700, ಯರಮರಸ್‌ನಲ್ಲಿ 1,600. ಒಂದು ಯೂನಿಟ್‌ಗೆ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಒಂದು ಕಿಲೊ. ಶಕ್ತಿನಗರದ ಎಂಟೂ ಘಟಕಗಳು ಪೂರ್ತಿ ಓಡಿದರೆ ದಿನಕ್ಕೆ ಏಳೆಂಟು ರೇಕ್ (ಗೂಡ್ಸ್ ರೈಲು) ಕಲ್ಲಿದ್ದಲು ಬೇಕು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಶೇ 30ಕ್ಕೂ ಹೆಚ್ಚು. ಸುತ್ತಲಿನ ಊರುಗಳವರು ದಿನವೂ ಕಾಣುವುದು ಈ ಹಾರುಬೂದಿಯನ್ನು. ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೂದಿ, ದೂಳು ತಡೆದರೆ ಹವಾಮಾನದ ಸಮಸ್ಯೆ ಬಗೆಹರಿಯುವುದಿಲ್ಲ. ಹವಾಮಾನದ ಚರ್ಚೆ ನಡೆಸುತ್ತಾ ಬೂದಿಯನ್ನು ಮರೆತರೆ ಇಲ್ಲಿನವರ ಶ್ವಾಸಕೋಶಕ್ಕೆ ಅನ್ಯಾಯ.

ಮಳೆಗಾಲದಲ್ಲಿ ಗಾಳಿ ಬೀಸಿ ಜಲಾಶಯ ತುಂಬಿದರೆ ಈ ಘಟಕಗಳನ್ನು ತಗ್ಗಿಸುತ್ತಾರೆ, ಕೆಲವನ್ನು ನಿಲ್ಲಿಸುತ್ತಾರೆ. ನಿಂತ ಘಟಕದ ಸಾಲ, ಸಂಬಳ, ನಿರ್ವಹಣೆ ನಿಲ್ಲುವುದಿಲ್ಲ. ಅದನ್ನು ಸ್ಥಿರ ವೆಚ್ಚ ಎನ್ನುತ್ತಾರೆ, ಅದೂ ಬಿಲ್‌ನಲ್ಲಿ ಸೇರುತ್ತದೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಸೌರ ವಿದ್ಯುತ್ ಯೂನಿಟ್‌ಗೆ 2.44 ರೂಪಾಯಿಗೆ ಹರಾಜಾದಾಗ ಎಲ್ಲರೂ ಅಗ್ಗ ಎಂದರು. ಅಗ್ಗವೇ. ಆದರೆ ಆ ದರದಲ್ಲಿ ಸಂಜೆಗೆ ಬೇಕಾದ ಬ್ಯಾಟರಿ, ಕಾದು ನಿಂತ ಕಲ್ಲಿದ್ದಲು ಘಟಕ, ಹೊಸ ತಂತಿ ಮಾರ್ಗ ಇವುಗಳ ಖರ್ಚು ಸೇರಿಲ್ಲ. ಹಸಿರು ನೀತಿಯನ್ನು ಪ್ರಶ್ನಿಸುವವರ ಅತ್ಯಂತ ಗಟ್ಟಿಯಾದ ವಾದ ಇದು. ಇದಕ್ಕೆ ಪ್ರಾಮಾಣಿಕ ಲೆಕ್ಕ ಕೊಡಲೇಬೇಕು.

ಇನ್ನೊಂದು ಬದಿಯ ಲೆಕ್ಕವನ್ನು ನಮ್ಮ ರೈತರನ್ನು ಕೇಳಿ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ಟರೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕು. ಕಾಲಡಿ ಹಾವೋ ಚೇಳೋ, ಒದ್ದೆ ಕೈಯಲ್ಲಿ ಸ್ಟಾರ್ಟರ್. ಸೌರ ವಿದ್ಯುತ್ ಹಗಲಲ್ಲೇ ಬರುವುದರಿಂದ ಪಂಪ್‌ಸೆಟ್‌ಗೆ ಹಗಲು ಕರೆಂಟ್ ಕೊಡುವುದು ಸುಲಭವಾಗಿದೆ. ಕೃಷಿ ಫೀಡರ್‌ಗಳನ್ನೇ ಸೌರೀಕರಿಸುವ ಕುಸುಮ್ ಯೋಜನೆಯ ಉದ್ದೇಶವೂ ಇದೇ. ಇನ್ನು 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾಯಿತು. ಜಲಾಶಯಗಳು ಬರಿದಾಗಿ ಜಲವಿದ್ಯುತ್ ಕುಸಿಯಿತು, ಪಂಪ್‌ಸೆಟ್ ಬೇಡಿಕೆ ಏರಿತು. ಮಳೆಯನ್ನೇ ನಂಬಿದ ವಿದ್ಯುತ್ತಿಗೂ ಹವಾಮಾನ ಕೈಕೊಡುತ್ತದೆ.

ತೋರಣಗಲ್ಲಿನ ಕುಲುಮೆಗೆ ಗಾಳಿಯಂತ್ರ ಸಾಲದು

ಉಕ್ಕಿನ ವಿಷಯ ಬೇರೆಯದೇ. ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಆಮ್ಲಜನಕವನ್ನು ಕಿತ್ತು ಹಾಕಿದರೆ ಕಬ್ಬಿಣ ಉಳಿಯುತ್ತದೆ. ಊದುಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್‌ನ ಇಂಗಾಲ ಆ ಕೆಲಸ ಮಾಡಿ, ಆಮ್ಲಜನಕದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಅಂದರೆ ಇಲ್ಲಿ ಕಲ್ಲಿದ್ದಲು ಬರೀ ಶಾಖ ಕೊಡುವ ಉರುವಲಲ್ಲ, ರಾಸಾಯನಿಕ ಕ್ರಿಯೆಗೇ ಬೇಕಾದ ಕಚ್ಚಾವಸ್ತು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್‌ನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಂಗಾಲದ ಬದಲು ಹೈಡ್ರೋಜನ್ ಬಳಸಬಹುದು. ಆಗ ಹೊರಬರುವುದು ನೀರಾವಿ. ಸದ್ಯಕ್ಕೆ ಅದು ದುಬಾರಿ.

ಯುರೋಪಿನ ಇಂಗಾಲ ಗಡಿ ಸುಂಕ ಈ ಲೆಕ್ಕದ ಮೇಲೆ ನಿಂತಿದೆ. 2023ರ ಅಕ್ಟೋಬರ್‌ನಿಂದ ಬರೀ ವರದಿ ಕೇಳುತ್ತಿದ್ದರು. 2026ರ ಆಮದಿನಿಂದ ಹಣದ ಹೊರೆಯೂ ಇದೆ. ಭಾರತ ಸರ್ಕಾರ ಇದನ್ನು ಅನ್ಯಾಯವೆಂದು ವಿರೋಧಿಸಿದೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದವನದು ಸುಮಾರು 14 ಟನ್. ಹಳೆಯ ಹೊರೆ ಹೊರಿಸಿದವರು ಹೊಸಬರಿಂದ ದಂಡ ಕೇಳುವುದು ಹೇಗೆ ಎಂಬುದು ವಾದ. 2021ರಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲೂ ಕಲ್ಲಿದ್ದಲನ್ನು ‘ಕೈಬಿಡುವುದು’ ಎಂಬುದನ್ನು ‘ಕಡಿಮೆ ಮಾಡುವುದು’ ಎಂದು ಭಾರತ ತಿದ್ದಿಸಿತು. ಅದೇ ಸಮ್ಮೇಳನದಲ್ಲಿ 2070ರೊಳಗೆ ನಿವ್ವಳ ಶೂನ್ಯ (ಹೊರಸೂಸಿದಷ್ಟನ್ನು ಹೀರಿಕೊಳ್ಳುವ ಸ್ಥಿತಿ) ಸಾಧಿಸುವ ಗುರಿಯನ್ನೂ ಘೋಷಿಸಿತು. ವಿಜ್ಞಾನ ಒಪ್ಪಿಕೊಂಡೇ ನೀತಿಯನ್ನು ಪ್ರಶ್ನಿಸುವುದು ಹೇಗೆ ಎಂಬುದಕ್ಕೆ ನಮ್ಮ ದೇಶದ ನಿಲುವೇ ಉದಾಹರಣೆ.

ಎರೆಭೂತಕ್ಕೆ ತಂತಿ ಕಾಣುವುದಿಲ್ಲ

ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ದೊಡ್ಡ ಹಕ್ಕಿ ಎರೆಭೂತ. ಹದಿನೈದು ಕಿಲೊವರೆಗೂ ತೂಗುತ್ತದೆ. ಕಣ್ಣುಗಳು ತಲೆಯ ಬದಿಗಿರುವುದರಿಂದ ಮುಂದಿರುವ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕಂಡಾಗ ಭಾರದ ಮೈ ತಿರುಗಿಸಲಾಗುವುದಿಲ್ಲ. ರಾಜಸ್ಥಾನ, ಗುಜರಾತ್‌ನಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕು ಎಂದು ಹೇಳಿದ್ದೂ ಅದೇ ತೀರ್ಪಿನಲ್ಲಿ. ಹಕ್ಕಿಯನ್ನು ಉಳಿಸಬೇಕು ಎನ್ನುವವರನ್ನು ಹಸಿರು ವಿದ್ಯುತ್ತಿನ ವಿರೋಧಿಗಳೆಂದು ಜರೆಯುವುದು ತಪ್ಪು.

ಹೊಲ ಲೀಸಿಗೆ ಕೊಡುವ ಮುನ್ನ

ಭೂಮಿ ಬಿಸಿಯಾಗುತ್ತಿದೆಯೋ ಇಲ್ಲವೋ ಎಂಬ ವಾದ ಗೆದ್ದರೂ ಸೋತರೂ, ಹೊಲದ ಕರಾರು ಓದದೆ ಸಹಿ ಹಾಕಿದರೆ ನಷ್ಟ ಮನೆಯವರದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಅಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಸುವ ಕರಾರಾಯಿತು. ಭೂಮಿಯವರಿಗೆ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕಳೆ ತೆಗೆದು, ಕೊಯ್ಲು ಮಾಡಿ ಬದುಕುತ್ತಿದ್ದ ಭೂರಹಿತರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಊರಿನವರು ಒಟ್ಟಾಗಿ ಕುಳಿತು ಮಾತಾಡುವಾಗ ಇವರ ಪಾಲನ್ನೂ ಕೇಳಬೇಕು.

ಗಾಳಿಯಂತ್ರಕ್ಕೆ ಕೊಡುವವರು ಬರೆಸಿಕೊಳ್ಳಬೇಕಾದವು ಇನ್ನೂ ಇವೆ. ಇದು ಕ್ರಯವೋ ಲೀಸೋ? ಲೀಸಾದರೆ ಎಷ್ಟು ವರ್ಷ, ಬಾಡಿಗೆ ಯಾವಾಗ ಎಷ್ಟು ಏರುತ್ತದೆ? ಕಂಬ ನಿಲ್ಲಿಸಿದ ಜಾಗಕ್ಕಷ್ಟೇ ದುಡ್ಡೋ, ಹೊಲದ ನಡುವೆ ಹಾಯುವ ರಸ್ತೆಗೆ, ತಲೆ ಮೇಲಿನ ತಂತಿಗೂ ಪರಿಹಾರವಿದೆಯೋ? ಕ್ರೇನ್ ಬಂದಾಗ ನಿಂತ ಬೆಳೆ ಹಾಳಾದರೆ ಯಾರು ಕಟ್ಟಿಕೊಡುತ್ತಾರೆ? ಕಂಪನಿ ಕೈ ಬದಲಾದರೆ ಹೊಸ ಮಾಲೀಕ ಇದೇ ಕರಾರಿಗೆ ಬದ್ಧನೋ? ಅವಧಿ ಮುಗಿದ ಮೇಲೆ ನೆಲದೊಳಗಿನ ಕಾಂಕ್ರೀಟ್ ಅಡಿಪಾಯ ಕಿತ್ತು ಎರೆ ಮಣ್ಣು ತುಂಬುವವರು ಯಾರು, ಅದಕ್ಕೆ ಠೇವಣಿ ಇಟ್ಟಿದ್ದಾರೆಯೇ? ಪಹಣಿಯಲ್ಲಿ ಏನು ದಾಖಲಾಗುತ್ತದೆ, ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೆ ಅಡ್ಡಿಯಾಗುತ್ತದೆಯೇ? ಕರಾರು ಪತ್ರವನ್ನು ಕನ್ನಡದಲ್ಲಿ ಬರೆಸಿ, ಉಪನೋಂದಣಿ ಕಚೇರಿಗೆ ಹೋಗುವ ಮುಂಚೆ, ಕಂಪನಿಗೆ ಸಂಬಂಧವಿಲ್ಲದ ವಕೀಲರ ಹತ್ತಿರ ಓದಿಸಿಕೊಳ್ಳಿ.